ನವೆಂಬರ್ ಬಂದರೆ ಕಾಲು ಮಂಜುಗಡ್ಡೆ: ಜಪಾನಿನ ‘ಹಿಯೆಶೋ’ ಮತ್ತು ಕಾಂಪೋ ಮದ್ದು

ಪ್ರಶ್ನೆ: ನನಗೆ 34 ವರ್ಷ. ಊರು ಧಾರವಾಡ, ಈಗ ಟೋಕಿಯೊದ ನಿಶಿಕಸಾಯ್‌ನಲ್ಲಿದ್ದೇನೆ. ಸಸ್ಯಾಹಾರಿ, ಹಾಲು ಮೊಸರು ತಿನ್ನುತ್ತೇನೆ, ಮೊಟ್ಟೆ ಇಲ್ಲ. ನವೆಂಬರ್‌ನಿಂದ ಮಾರ್ಚ್ ಮುಗಿಯುವ ತನಕ ಅಂಗಾಲು, ಕಾಲ್ಬೆರಳು, ಕೈಬೆರಳು ತಣ್ಣಗೆ ಕೊರೆಯುತ್ತವೆ. ಎರಡು ಜೊತೆ ಸಾಕ್ಸ್ ಹಾಕಿಕೊಂಡು ಮಲಗಿದರೂ ನಿದ್ದೆ ಹತ್ತುವುದಿಲ್ಲ. ಜನವರಿಯಲ್ಲಿ ಕಾಲ್ಬೆರಳು ಕೆಂಪಾಗಿ ಊದಿ ತುರಿಸುತ್ತವೆ. ಮುಟ್ಟಿನ ಮೊದಲೆರಡು ದಿನ ಕಿಬ್ಬೊಟ್ಟೆ ಹಿಂಡಿದ ಹಾಗೆ ನೋವು, ಬಿಸಿನೀರಿನ ಚೀಲ ಇಟ್ಟರೆ ಆರಾಮ. ಕಂಪನಿ ತಪಾಸಣೆಯಲ್ಲಿ ರಕ್ತ ನಾರ್ಮಲ್ ಬಂದಿದೆ. ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ‘ಹಿಯೆಶೋ’ (ಕೈಕಾಲು ತಣ್ಣಗಾಗುವ ತೊಂದರೆ) ಎಂದು ಹೇಳಿ ಕಾಂಪೋ ಎಂಬ ಜಪಾನೀ ಗಿಡಮೂಲಿಕೆ ಮದ್ದಿನಲ್ಲಿ 38ನೇ ನಂಬರಿನ ಪುಡಿಯನ್ನು (ಇಲ್ಲಿ ಒಂದೊಂದು ಮಿಶ್ರಣಕ್ಕೂ ಒಂದು ನಂಬರು) ದಿನಕ್ಕೆ ಮೂರು ಪೊಟ್ಟಣ ಬರೆದುಕೊಟ್ಟರು. ಹತ್ತು ದಿನ ಆಯಿತು, ವಿಪರೀತ ಕಹಿ, ಗುಣ ಏನೂ ಕಾಣಲಿಲ್ಲ. ‘ಮೈ ತಣ್ಣಗಿದ್ದರೆ ಮಕ್ಕಳಾಗುವುದು ಕಷ್ಟ’ ಎಂದು ಆಫೀಸಿನವರು ಹೆದರಿಸುತ್ತಾರೆ; ನಾವು ಮುಂದಿನ ವರ್ಷ ಮಗುವಿನ ಯೋಚನೆಯಲ್ಲಿದ್ದೇವೆ. ಅಮ್ಮ ಶುಂಠಿ, ಜ್ಯೇಷ್ಠಮಧು ಹಾಕಿದ ಕಷಾಯದ ಪುಡಿ ಕಳಿಸಿದ್ದಾರೆ. ಗಂಡ ‘ಎಲ್ಲ ಮನಸ್ಸಿನದು’ ಎನ್ನುತ್ತಾರೆ. ಇದು ನಿಜವಾಗಿ ಕಾಯಿಲೆಯೇ? ಈ ಪುಡಿ ಮುಂದುವರಿಸಲೇ? ಕಷಾಯವನ್ನೂ ಕುಡಿಯಬಹುದೇ?

ಉತ್ತರ: ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಮಗುವಿನ ವಿಚಾರ ಎಂದು ಕಾಣುತ್ತದೆ, ಹಾಗಾಗಿ ಅದಕ್ಕೇ ಮೊದಲು ಉತ್ತರಿಸುತ್ತೇನೆ. ಕಾಲು ತಣ್ಣಗಿದೆ ಎಂದ ಮಾತ್ರಕ್ಕೆ ಗರ್ಭಕೋಶ ತಣ್ಣಗಾಗುವುದಿಲ್ಲ. ದೇಹದ ಒಳಭಾಗ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲೇ ಉಳಿಯಬೇಕು. ಅದನ್ನು ಉಳಿಸಿಕೊಳ್ಳಲೆಂದೇ ದೇಹ ಕೈಕಾಲಿನ ತುದಿಗೆ ಹೋಗುವ ರಕ್ತವನ್ನು ತಡೆಯುತ್ತದೆ. ಪಾದ ತಣ್ಣಗಾಗುವುದು ಒಳಗಿನ ಬಿಸಿಯನ್ನು ಕಾಪಾಡುವ ಏರ್ಪಾಡಿನ ಪರಿಣಾಮ. ‘ಹೊಟ್ಟೆ ತಣ್ಣಗಾಗಿ ಬಸಿರು ನಿಲ್ಲುವುದಿಲ್ಲ’ ಎಂಬ ಮಾತು ಜಪಾನಿನಲ್ಲಿ ಬಹಳ ಓಡಾಡುತ್ತದೆ, ಅದನ್ನು ನಂಬಿಸಿ ಮಾರುವ ವಸ್ತುಗಳೂ ಬಹಳ ಇವೆ. ‘ಮೈಬಿಸಿ ಒಂದು ಡಿಗ್ರಿ ಏರಿದರೆ ರೋಗನಿರೋಧಕ ಶಕ್ತಿ ಐದಾರು ಪಟ್ಟು’ ಎಂಬುದೂ ಅದೇ ಜಾತಿಯದು, ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಆದರೆ ಕೈಕಾಲು ತಣ್ಣಗಾಗಿಸುವ ಕೆಲವು ಕಾರಣಗಳು ಬಸಿರಿಗೂ ಸಂಬಂಧಪಟ್ಟವು. ಅವನ್ನು ಇನ್ನೂ ಯಾರೂ ಸರಿಯಾಗಿ ನೋಡಿಲ್ಲ ಎಂಬುದು ನಿಮ್ಮ ಪತ್ರದಿಂದ ತಿಳಿಯುತ್ತದೆ.

ಗಂಡ ಹೇಳುವುದರಲ್ಲಿ ಅರ್ಧ ಸತ್ಯವಿದೆ, ಅವರು ಅಂದುಕೊಂಡ ಅರ್ಧವಲ್ಲ. ಬೆರಳ ತುದಿಗಳಲ್ಲಿ ಅಪಧಮನಿಯಿಂದ ಅಭಿಧಮನಿಗೆ ನೇರವಾಗಿ ರಕ್ತ ದಾಟಿಸುವ ಸಣ್ಣ ಅಡ್ಡದಾರಿಗಳಿವೆ. ಅವು ತೆರೆದಾಗ ಬೆರಳು ಬೆಚ್ಚಗೆ, ಮುಚ್ಚಿದಾಗ ತಣ್ಣಗೆ. ಇವನ್ನು ತೆರೆದು ಮುಚ್ಚುವುದು ನಮ್ಮ ಅರಿವಿಲ್ಲದೆ ಕೆಲಸ ಮಾಡುವ ಸಿಂಪಥೆಟಿಕ್ ನರಗಳು. ಚಳಿ ತಾಗಿದರೂ ಮುಚ್ಚುತ್ತವೆ, ಕೆಲಸದ ಒತ್ತಡ ಬಿದ್ದರೂ ಮುಚ್ಚುತ್ತವೆ, ಸಿಗರೇಟಿನ ನಿಕೋಟಿನ್ ಒಳಹೊಕ್ಕರೂ ಮುಚ್ಚುತ್ತವೆ. ಅಂದರೆ ಮನಸ್ಸಿನ ಪಾತ್ರವಿದ್ದರೂ ನಡೆಯುವುದು ರಕ್ತನಾಳದಲ್ಲಿ; ಬೆರಳು ತಣ್ಣಗಿರುವುದು ಕಲ್ಪನೆಯಲ್ಲ, ಥರ್ಮಾಮೀಟರ್ ಹಿಡಿದು ಅಳೆಯಬಹುದು. ಬಿಸಿ ಹುಟ್ಟಿಸುವ ಸ್ನಾಯು ಹೆಂಗಸರಲ್ಲಿ ಸರಾಸರಿ ಕಡಿಮೆ, ಚಳಿಗೆ ತುದಿಯ ರಕ್ತನಾಳ ಸಂಕುಚಿಸುವುದು ಹೆಚ್ಚು. ಹಾಗಾಗಿ ಈ ದೂರು ಹೆಂಗಸರದ್ದೇ ಜಾಸ್ತಿ.

ಆಧುನಿಕ ವೈದ್ಯದ ಪುಸ್ತಕದಲ್ಲಿ ಹಿಯೆಶೋ ಎಂಬ ಪ್ರತ್ಯೇಕ ಕಾಯಿಲೆ ಇಲ್ಲ. ಸುತ್ತಲಿನವರಿಗೆ ಏನೂ ಅನ್ನಿಸದ ತಾಪಮಾನದಲ್ಲೂ ಕೈಕಾಲು, ಸೊಂಟ ಅಥವಾ ಹೊಟ್ಟೆ ತಣ್ಣಗಾಗಿ ದಿನದ ಕೆಲಸಕ್ಕೆ, ನಿದ್ದೆಗೆ ಅಡ್ಡಿಯಾದರೆ ಜಪಾನಿನ ಕಾಂಪೋ ವೈದ್ಯರು ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿ ಎಂದು ಪರಿಗಣಿಸುತ್ತಾರೆ. ಕಾಂಪೋ ಚೀನಾದಿಂದ ಬಂದ ವೈದ್ಯದ ಜಪಾನೀ ರೂಪ. ಎದೋ ಕಾಲದಲ್ಲಿ (17–19ನೇ ಶತಮಾನ) ಅದು ತನ್ನದೇ ದಾರಿ ಹಿಡಿಯಿತು, ಆಮೇಲೆ ಬಂದ ಮೇಜಿ ಸರ್ಕಾರ ಪಾಶ್ಚಾತ್ಯ ವೈದ್ಯಕ್ಕೆ ಮಾತ್ರ ಪರವಾನಗಿ ಕೊಟ್ಟಾಗ ಮೂಲೆಗೆ ಸರಿಯಿತು, 1976ರಲ್ಲಿ ಹಲವಾರು ಸೂತ್ರಗಳು, ಅಂದರೆ ಗೊತ್ತಾದ ಅಳತೆಯ ಮಿಶ್ರಣಗಳು, ರಾಷ್ಟ್ರೀಯ ಆರೋಗ್ಯ ವಿಮೆಯೊಳಗೆ ಬಂದ ಮೇಲೆ ಮತ್ತೆ ಆಸ್ಪತ್ರೆಯ ನಡುಮನೆಗೆ ಬಂತು. ಈಗ ವಿಮೆ ಒಪ್ಪುವ ಸೂತ್ರಗಳು 148. ಇಲ್ಲಿ ಕಾಂಪೋ ಬರೆದುಕೊಡುವವರು ಎಂ.ಬಿ.ಬಿ.ಎಸ್.ಗೆ ಸಮನಾದ ಓದು ಮುಗಿಸಿದ ಸಾಮಾನ್ಯ ವೈದ್ಯರೇ. ಇದು ಅನುಕೂಲ, ಏಕೆಂದರೆ ರಕ್ತಪರೀಕ್ಷೆ ಮತ್ತು ಬೇರಿನ ಮದ್ದು ಎರಡನ್ನೂ ಒಂದೇ ಕೋಣೆಯಲ್ಲಿ ಕೇಳಬಹುದು. ಇದರಲ್ಲೇ ಒಂದು ತೊಡಕೂ ಇದೆ: ಬಹಳ ಮಂದಿ ವೈದ್ಯರಿಗೆ ಕಾಂಪೋ ಮುಖ್ಯ ವಿಷಯವಲ್ಲ, ‘ಹಿಯೆಶೋ ಅಂದರೆ 38’ ಎಂಬಂತೆ ಹೆಸರು ನೋಡಿ ನಂಬರು ಬರೆಯುವುದು ನಡೆಯುತ್ತದೆ.

‘ರಕ್ತ ನಾರ್ಮಲ್’ ಎಂದರೆ ಏನು ನೋಡಿದ್ದಾರೆ?

ಜಪಾನಿನ ಕಂಪನಿ ತಪಾಸಣೆಯ ಮಾಮೂಲು ಪಟ್ಟಿಯಲ್ಲಿ ಹಿಮೋಗ್ಲೋಬಿನ್, ಯಕೃತ್ತಿನ ಕಿಣ್ವ, ಕೊಬ್ಬು, ಸಕ್ಕರೆ, ಇಸಿಜಿ ಇರುತ್ತವೆ. ಥೈರಾಯ್ಡ್ ಇರುವುದಿಲ್ಲ. ಫೆರಿಟಿನ್ ಇರುವುದಿಲ್ಲ. ವಿಟಮಿನ್ ಬಿ12 ಇರುವುದಿಲ್ಲ. ಚಳಿಯ ದೂರಿಗೆ ಬೇಕಾದವು ಈ ಮೂರೇ. ನಿಮ್ಮ ಮಟ್ಟಿಗೆ ಪುಡಿಯ ನಂಬರಿಗಿಂತ ಇದು ಮುಖ್ಯ.

ಫೆರಿಟಿನ್ ಎಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ. ಹಿಮೋಗ್ಲೋಬಿನ್ 12ರ ಮೇಲಿದ್ದು ‘ರಕ್ತಹೀನತೆ ಇಲ್ಲ’ ಎಂದು ಬರೆದಿದ್ದರೂ ಉಗ್ರಾಣ ಖಾಲಿಯಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ವಯಸ್ಕರಲ್ಲಿ ಫೆರಿಟಿನ್ 15ಕ್ಕಿಂತ ಕಡಿಮೆಯಾದರೆ ಕೊರತೆ ಎನ್ನುತ್ತದೆ. ಲಕ್ಷಣಗಳಿದ್ದು 30ಕ್ಕಿಂತ ಕೆಳಗಿದ್ದರೂ ಹಲವು ವೈದ್ಯರು ಕಬ್ಬಿಣ ಕೊಡುತ್ತಾರೆ. ಪ್ರತಿ ತಿಂಗಳು ಮುಟ್ಟಾಗುವ ಸಸ್ಯಾಹಾರಿಯಲ್ಲಿ ಇದು ಕಡಿಮೆ ಇದ್ದರೆ ಆಶ್ಚರ್ಯವೇನಿಲ್ಲ. ಊಟದ ಜೊತೆಗೇ ಹಸಿರು ಚಹಾ, ಕಾಫಿ ಕುಡಿಯುವ ಅಭ್ಯಾಸವಿದ್ದರೆ ಸೊಪ್ಪು ಬೇಳೆಯ ಕಬ್ಬಿಣ ಇನ್ನಷ್ಟು ಕಡಿಮೆ ಹೀರಲ್ಪಡುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರವಿರಲಿ.

ಥೈರಾಯ್ಡ್ ನಿಧಾನವಾದರೆ ಮೈಯೆಲ್ಲ ಚಳಿ, ಮಲಬದ್ಧತೆ, ಒಣ ಚರ್ಮ, ತೂಕ ಏರಿಕೆ, ಮುಟ್ಟಿನ ಏರುಪೇರು ಕಾಣುತ್ತವೆ. ಇದಕ್ಕೆ ಸಾಮಾನ್ಯ ಕಾರಣವಾದ ಹಾಶಿಮೊಟೊ ಕಾಯಿಲೆಯನ್ನು 1912ರಲ್ಲಿ ವಿವರಿಸಿದವರು ಜಪಾನಿನ ಶಸ್ತ್ರವೈದ್ಯ ಹಾಶಿಮೊಟೊ ಹಕಾರು. ಹಾಗಿದ್ದೂ ಅದೇ ನಾಡಿನಲ್ಲಿ ಥೈರಾಯ್ಡ್ ಹೇಗಿದೆ ಎಂದು ತೋರಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ನೋಡದೆ ‘ಹಿಯೆಶೋ’ ಎಂದು ಕಳಿಸಿಬಿಡುವುದುಂಟು. ಮಗುವಿನ ಯೋಚನೆ ಇರುವವರಿಗೆ ಟಿಎಸ್‌ಎಚ್ ಹೇಗೂ ಬೇಕಾದ ಪರೀಕ್ಷೆ, ಕಬ್ಬಿಣದ್ದೂ ಹಾಗೆಯೇ.

ಬಿ12 ಕೊರತೆಯದು ಬೇರೆ ಬಗೆ. ನರ ಸೊರಗಿದಾಗ ಪಾದ ತಣ್ಣಗಿದೆ ಎಂದು ನಿಮಗೆ ಅನ್ನಿಸುತ್ತದೆ, ಮುಟ್ಟಿ ನೋಡಿದವರಿಗೆ ಬೆಚ್ಚಗೇ ಇರುತ್ತದೆ. ಜೊತೆಗೆ ಜುಮುಗುಡುವುದು, ಮರಗಟ್ಟುವುದು. ಹಾಲು ಮೊಸರಿನಿಂದ ಬಿ12 ಸ್ವಲ್ಪ ಸಿಗುತ್ತದೆ, ಸಾಕಷ್ಟು ಸಿಗುತ್ತದೆ ಎಂದು ನಂಬಿ ಕೂರಬೇಡಿ. ಇವತ್ತು ರಾತ್ರಿಯೇ ಗಂಡನಿಂದ ಪಾದ ಮುಟ್ಟಿಸಿ ನೋಡಿ. ಅವರ ಕೈಗೂ ತಣ್ಣಗೆ ತಾಗಿದರೆ ರಕ್ತ ಸಂಚಾರದ ಕಡೆ ನೋಡಬೇಕು, ಬೆಚ್ಚಗಿದ್ದರೆ ನರದ ಕಡೆ.

ಇನ್ನೊಂದು ವಿಷಯ, ಬೆರಳಿನ ಬಣ್ಣ. ತಣ್ಣೀರು ಮುಟ್ಟಿದ ಕೂಡಲೇ ಬೆರಳಿನ ಒಂದು ಭಾಗ ಗೆರೆ ಎಳೆದಂತೆ ಸುಣ್ಣದ ಬಿಳುಪಿಗೆ ತಿರುಗಿ, ಆಮೇಲೆ ನೀಲಿಯಾಗಿ, ಬೆಚ್ಚಗಾದಾಗ ಕೆಂಪಾಗುತ್ತದೆಯೇ? ಅದು ರೇನೋ ಲಕ್ಷಣ. ಮೂವತ್ತರ ನಂತರ ಹೊಸದಾಗಿ ಶುರುವಾದರೆ, ಬೆರಳ ತುದಿಯಲ್ಲಿ ಹುಣ್ಣಾದರೆ, ಬೆರಳಿನ ಚರ್ಮ ಬಿಗಿದುಕೊಂಡರೆ, ನುಂಗಲು ಕಷ್ಟವಾದರೆ ಕಾಂಪೋ ಬದಿಗಿಟ್ಟು ‘ಕೋಗೆಂಬ್ಯೋ ನೈಕಾ’ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೆಯೇ ತಿರುಗುವ ಕಾಯಿಲೆಗಳ) ವಿಭಾಗಕ್ಕೆ ಹೋಗಿ ಅಂಥ ಕಾಯಿಲೆ ಪತ್ತೆಹಚ್ಚುವ ಎಎನ್‌ಎ ರಕ್ತಪರೀಕ್ಷೆ ಮಾಡಿಸಬೇಕು. ಚರ್ಮ ಗಟ್ಟಿಯಾಗುವ ಸ್ಕ್ಲೆರೋಡರ್ಮಾದಂಥ ಕಾಯಿಲೆ ಮೊದಲು ತೋರಿಸಿಕೊಳ್ಳುವುದು ಹೀಗೆ. ಬಲಗಾಲು ಮಾತ್ರ ಅಥವಾ ಎಡಗಾಲು ಮಾತ್ರ ತಣ್ಣಗಿರುವುದು, ನಡೆದರೆ ಮೀನಖಂಡ ನೋಯುವುದು ಇದ್ದರೆ ಕಾಲಿನ ರಕ್ತನಾಳದ ಪರೀಕ್ಷೆ ಬೇಕು. ಮೈಗ್ರೇನಿಗೋ ಎದೆಬಡಿತಕ್ಕೋ ಪ್ರೊಪ್ರನೊಲೋಲ್‌ನಂಥ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಕೈಕಾಲು ತಣ್ಣಗಾಗಿಸುವ ಮದ್ದುಗಳಲ್ಲಿ ಅದು ಮುಖ್ಯವಾದದ್ದು.

ನೀವು ಬರೆದ ಕೆಂಪಗೆ ಊದಿ ತುರಿಸುವ ಬೆರಳು ಹೆಚ್ಚಾಗಿ ‘ಶಿಮೊಯಾಕೆ’, ಚಿಲ್‌ಬ್ಲೇನ್. ಕಡುಚಳಿಯ ಊರಿಗಿಂತ ಸರಾಸರಿ 5 ಡಿಗ್ರಿಯ ಆಸುಪಾಸು ಇದ್ದು ಹಗಲು ರಾತ್ರಿಯ ನಡುವೆ ಹತ್ತು ಡಿಗ್ರಿ ವ್ಯತ್ಯಾಸವಿರುವ ಹವೆಯಲ್ಲಿ ಇದು ಜಾಸ್ತಿ. ಟೋಕಿಯೊದ ಜನವರಿ ಅದಕ್ಕೆ ತಕ್ಕ ಹಾಗೇ ಇದೆ. ಬೆವರಿನಿಂದ ಒದ್ದೆಯಾದ ಸಾಕ್ಸ್, ಬೆರಳು ಒತ್ತುವ ಶೂ ಅದನ್ನು ಕೆರಳಿಸುತ್ತವೆ. ಎರಡು ಜೊತೆ ಸಾಕ್ಸ್ ಹಾಕಿದಾಗ ಶೂ ಬಿಗಿಯಾಗಿ ರಕ್ತ ಇನ್ನೂ ಕಡಿಮೆ ಹರಿಯುತ್ತದೆ. ಒಂದೇ ಜೊತೆ ಉಣ್ಣೆಯದು ಹಾಕಿ, ಮಧ್ಯಾಹ್ನ ಬದಲಿಸಿ.

ಚಳಿಯಲ್ಲೂ ಬಗೆಗಳಿವೆ

ಕಾಂಪೋದ ಸಾಮರ್ಥ್ಯ ಇರುವುದು ಇಲ್ಲಿ. ‘ತಣ್ಣಗಿದೆ’ ಎಂದ ಎಲ್ಲರಿಗೂ ಒಂದೇ ಮದ್ದು ಕೊಡುವುದಿಲ್ಲ. ಎಲ್ಲಿ ತಣ್ಣಗಿದೆ, ಜೊತೆಗೆ ಇನ್ನೇನಿದೆ, ರೋಗಿಯ ಮೈಕಟ್ಟು ಎಂಥದು ಎಂದು ನೋಡಿ ಸೂತ್ರ ಆರಿಸುತ್ತಾರೆ. ಈ ಒಟ್ಟು ಚಿತ್ರಕ್ಕೆ ‘ಶೋ’ ಎನ್ನುತ್ತಾರೆ. ಹಿಂದೆ ಕಿ, ಕೆತ್ಸು, ಸುಯ್ ಎಂಬ ಮೂರರ ಲೆಕ್ಕಾಚಾರವಿದೆ: ಚೈತನ್ಯ, ರಕ್ತ, ದ್ರವ. ಇವು ಕಡಿಮೆಯಾದವೇ, ಕಟ್ಟಿಕೊಂಡವೇ, ದಾರಿ ತಪ್ಪಿದವೇ ಎಂಬುದು ಪ್ರಶ್ನೆ. ಇದನ್ನು ಶರೀರಶಾಸ್ತ್ರದ ಸತ್ಯ ಎಂದು ತಿಳಿಯಬೇಕಿಲ್ಲ. ರೋಗಿಗಳನ್ನು ಗುಂಪು ಮಾಡಿ ಮದ್ದು ಹೊಂದಿಸುವ ಹಳೆಯ, ಅನುಭವದಲ್ಲಿ ಪಳಗಿದ ಕ್ರಮ ಎಂದು ತಿಳಿದರೆ ಸಾಕು.

ಕೈಕಾಲಿನ ತುದಿ ಮಾತ್ರ ತಣ್ಣಗೆ, ನಾಡಿ ದಾರದಷ್ಟು ಸಣ್ಣ, ಚಳಿ ತಾಗಿದರೆ ಕಿಬ್ಬೊಟ್ಟೆ ಅಥವಾ ತಲೆನೋವು, ತೊಡೆಸಂದಿ ಒತ್ತಿದರೆ ನೋವು, ಶಿಮೊಯಾಕೆ ಬರುವ ಜಾಯಮಾನ: ಇದಕ್ಕೆ 38, ಪೂರ್ತಿ ಹೆಸರು ತೋಕಿ-ಶಿಗ್ಯಾಕು-ಕಾ-ಗೋಶುಯು-ಶೋಕ್ಯೋ-ತೋ. ತೆಳ್ಳಗೆ, ಬಿಳಿಚಿಕೊಂಡು, ಕಾಲು ಊದಿಕೊಳ್ಳುವ, ನಿಂತರೆ ತಲೆಸುತ್ತುವ, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತಿರುವ ಹೆಂಗಸಿಗೆ 23, ತೋಕಿಶಾಕುಯಾಕುಸಾನ್. ಕಾಲು ತಣ್ಣಗೆ ಆದರೆ ಮುಖ ಬಿಸಿ, ಮೈಕಟ್ಟು ಗಟ್ಟಿ, ನಾಲಿಗೆ ಕೆನ್ನೀಲಿ, ಹೊಕ್ಕುಳ ಪಕ್ಕ ಒತ್ತಿದರೆ ನೋವು, ಮುಟ್ಟಿನಲ್ಲಿ ಗಟ್ಟಿ ರಕ್ತ ಬೀಳುವುದು ಇದ್ದರೆ 25, ಕೇಶಿಬುಕುರ್ಯೋಗಾನ್. ಇವರಿಗೆ 38 ಕೊಟ್ಟರೆ ಮುಖ ಇನ್ನಷ್ಟು ಕಾಯುತ್ತದೆ, ಕಾಲು ಹಾಗೇ ಇರುತ್ತದೆ. ಹೊಟ್ಟೆಯೇ ತಣ್ಣಗೆ, ತಣ್ಣೀರು ಕುಡಿದರೆ ಭೇದಿ, ಹಸಿವಿಲ್ಲ ಎಂದರೆ 32, ನಿಂಜಿಂತೋ. ಮೈಯೆಲ್ಲ ತಣ್ಣಗಾಗಿ, ಸುಸ್ತು ಮತ್ತು ಭೇದಿ ಸೇರಿದರೆ 30, ಶಿಂಬುತೋ. ಇದರಲ್ಲಿ ಸಂಸ್ಕರಿಸಿದ ಬುಶಿ ಇದೆ, ನಮ್ಮ ವತ್ಸನಾಭದ ಕುಲದ್ದು. ನಾಲಿಗೆ ಮರಗಟ್ಟಿದರೆ, ಎದೆ ಹೊಡೆದುಕೊಂಡರೆ ಕೂಡಲೇ ನಿಲ್ಲಿಸಬೇಕು.

ಇದನ್ನೆಲ್ಲ ಗುರುತಿಸಲು ವೈದ್ಯರು ನಿಮ್ಮ ಹೊಟ್ಟೆ ಮುಟ್ಟಿ ನೋಡಬೇಕು. ‘ಫುಕುಶಿನ್’ ಎಂಬ ಈ ಪರೀಕ್ಷೆಯಲ್ಲಿ ಕಾಲು ಚಾಚಿ ಅಂಗಾತ ಮಲಗಿಸುತ್ತಾರೆ (ಮಾಮೂಲಿ ಹೊಟ್ಟೆ ಪರೀಕ್ಷೆಯಲ್ಲಿ ಮೊಣಕಾಲು ಮಡಚಿಸುತ್ತಾರಲ್ಲ, ಅದಕ್ಕೆ ವಿರುದ್ಧ). ಪಕ್ಕೆಲುಬಿನ ಕೆಳಗೆ, ಹೊಕ್ಕುಳ ಸುತ್ತ, ಕಿಬ್ಬೊಟ್ಟೆಯಲ್ಲಿ ಬಿಗುವು, ನೋವು ಎಲ್ಲಿದೆ ನೋಡುತ್ತಾರೆ, ಹೊಟ್ಟೆಯ ಮೇಲ್ಭಾಗ ತಟ್ಟಿ ಒಳಗೆ ನೀರಿನ ಸದ್ದು ಕೇಳುತ್ತದೆಯೇ ಎಂದು ಗಮನಿಸುತ್ತಾರೆ. ನಾಲಿಗೆ, ನಾಡಿ, ಹೊಟ್ಟೆ ಯಾವುದನ್ನೂ ನೋಡದೆ ಎರಡು ನಿಮಿಷದಲ್ಲಿ ಪುಡಿ ಬರೆದಿದ್ದರೆ ಇನ್ನೊಬ್ಬರನ್ನು ಕಾಣುವುದು ಒಳ್ಳೆಯದು. 1950ರಲ್ಲಿ ಸ್ಥಾಪನೆಯಾದ ಜಪಾನ್ ಪೌರ್ವಾತ್ಯ ವೈದ್ಯ ಸಂಘ (ನಿಹೋನ್ ತೋಯೋ ಇಗಾಕ್ಕಾಯ್) ಕಾಂಪೋ ತಜ್ಞರಿಗೆ ಮಾನ್ಯತೆ ಕೊಡುತ್ತದೆ. ಅಂಥವರು ಟೋಕಿಯೊದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ನಿಮ್ಮ ಪತ್ರದ ಮೇಲಷ್ಟೇ ಹೇಳುವುದಾದರೆ 38ರ ಆಯ್ಕೆ ತಪ್ಪಾಗಿ ಕಾಣುವುದಿಲ್ಲ. ಶಿಮೊಯಾಕೆ, ಚಳಿಯಿಂದ ಹೆಚ್ಚುವ ಕಿಬ್ಬೊಟ್ಟೆ ನೋವು, ಬಿಸಿಗೆ ಆರಾಮ, ಮೂರೂ ಅದರ ಲಕ್ಷಣಗಳೇ. ಇದರ ಮೂಲ ಸೂತ್ರ ಸುಮಾರು ಮೂರನೇ ಶತಮಾನದ ಆರಂಭದ್ದು ಎನ್ನಲಾಗುವ ಚೀನಾದ ‘ಶೋಕನ್‌ರೋನ್’ ಗ್ರಂಥದಲ್ಲಿದೆ: ಕೈಕಾಲು ತಣ್ಣಗಾಗಿ ನಾಡಿ ಸಿಗದಷ್ಟು ಸಣ್ಣಗಾದವರಿಗೆ ಒಂದು ಕಷಾಯ, ಅದರ ಜೊತೆ ಒಳಗೆ ಹಳೆಯ ಚಳಿ ಇದ್ದವರಿಗೆ ಗೋಶುಯು ಎಂಬ ಕಹಿ ಕಾಯಿ ಮತ್ತು ಶುಂಠಿ ಸೇರಿಸಬೇಕು ಎಂದು.

ಆ ಪೊಟ್ಟಣದಲ್ಲಿ ಏನಿದೆ, ಹೇಗೆ ಕುಡಿಯಬೇಕು

ಒಂಬತ್ತು ದ್ರವ್ಯಗಳು. ಒಂದು ದಿನದ ಪ್ರಮಾಣದ ಪುಡಿ ತೆಗೆಯಲು ಬಳಸುವುದು ಸಾಮಾನ್ಯವಾಗಿ ಹೀಗೆ: ತಾಯ್‌ಸೋ ಎಂಬ ಬೋರೆಹಣ್ಣು 5 ಗ್ರಾಂ, ತೋಕಿ ಬೇರು, ದಾಲ್ಚಿನ್ನಿ ಜಾತಿಯ ಕೇಹಿ, ಶಾಕುಯಾಕು ಬೇರು, ಮೊಕುತ್ಸು ಬಳ್ಳಿ ತಲಾ 3 ಗ್ರಾಂ, ಜ್ಯೇಷ್ಠಮಧು, ಗೋಶುಯು, ಸಾಯ್‌ಶಿನ್ ಬೇರು ತಲಾ 2 ಗ್ರಾಂ, ಒಣಶುಂಠಿ 1 ಗ್ರಾಂ. ನಿಮ್ಮನ್ನು ಕಂಗೆಡಿಸುವ ಕಹಿ ಗೋಶುಯುವಿನದು.

ದಿನದ ಮೊತ್ತ 7.5 ಗ್ರಾಂ, ಅಂದರೆ 2.5 ಗ್ರಾಮಿನ ಮೂರು ಪೊಟ್ಟಣ. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಎರಡು ಗಂಟೆಗೆ, ಖಾಲಿ ಹೊಟ್ಟೆಯಲ್ಲಿ. ಒಣಪುಡಿಯನ್ನು ಬಾಯಿಗೆ ಸುರಿದು ತಣ್ಣೀರು ಕುಡಿಯುವವರು ಬಹಳ. ಚಳಿಯ ಸೂತ್ರಕ್ಕೆ ಅದು ಸಲ್ಲದು. ಅರ್ಧ ಲೋಟ, ಸುಮಾರು 100 ಮಿ.ಲೀ. ಬಿಸಿನೀರಿಗೆ ಹಾಕಿ ಕಲಕಿ, ಕರಗಿ ಕುಡಿಯುವಷ್ಟು ಬೆಚ್ಚಗಾದಾಗ ನಿಧಾನಕ್ಕೆ ಕುಡಿಯಿರಿ. ಹೊಟ್ಟೆ ಉರಿದರೆ, ವಾಕರಿಕೆ ಬಂದರೆ ಊಟದ ನಂತರಕ್ಕೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಕೆಲವು ಕಂಪನಿಗಳ ಪುಡಿಯಲ್ಲಿ ತುಂಬುಪದಾರ್ಥವಾಗಿ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಇರುತ್ತದೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡಿಸುವವರಿಗೆ ಇದರಿಂದಲೂ ಹಾಗಾಗಬಹುದು. ಮೆಕ್ಕೆಜೋಳದ ಪಿಷ್ಟ ಬಳಸುವ ಕಂಪನಿಯ ಪುಡಿ ಕೇಳಿ ಪಡೆಯಬಹುದು. ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಅದೇ ಹೆಸರಿನ ಪುಡಿಯಲ್ಲಿ ಸಾರದ ಪ್ರಮಾಣ ಎಷ್ಟೋ ಸಲ ಅರ್ಧ ಅಥವಾ ಮೂರನೇ ಎರಡರಷ್ಟು ಇರುತ್ತದೆ. ವಿಮೆಯಲ್ಲಿ ಶೇ. 30 ಮಾತ್ರ ಕೊಟ್ಟು ಪೂರ್ತಿ ಪ್ರಮಾಣ ಸಿಗುವಾಗ ಅಂಗಡಿಯದು ಬೇಕಿಲ್ಲ.

ಹತ್ತು ದಿನಕ್ಕೆ ತೀರ್ಪು ಕೊಡಬೇಡಿ. ಎರಡು ವಾರಕ್ಕೆ ನಿದ್ದೆ ಹತ್ತುವ ಹೊತ್ತು, ಕಿಬ್ಬೊಟ್ಟೆ ನೋವು ಇಂಥವುಗಳಲ್ಲಿ ಸುಳಿವು ಸಿಗಬಹುದು. ನಾಲ್ಕರಿಂದ ಎಂಟು ವಾರಕ್ಕೂ ಏನೂ ಬದಲಾಗದಿದ್ದರೆ ಸೂತ್ರ ಹೊಂದಲಿಲ್ಲ ಎಂದು ತಿಳಿದು ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ‘ಗಿಡಮೂಲಿಕೆ, ನಿಧಾನಕ್ಕೆ ಹಿಡಿಯುತ್ತದೆ’ ಎಂದು ವರ್ಷಗಟ್ಟಲೆ ನುಂಗುವುದು ಯಾರಿಗೂ ಒಳ್ಳೆಯದಲ್ಲ. ಚಳಿಗೆ ಕಾಂಪೋ ಎಷ್ಟು ಫಲ ಕೊಡುತ್ತದೆ ಎಂದು ನೋಡಿದ ಅಧ್ಯಯನಗಳು ಬಹುಪಾಲು ಸಣ್ಣವು. ಇಷ್ಟು ಕಹಿ, ಇಷ್ಟು ವಾಸನೆಯ ಪುಡಿಗೆ ನಕಲಿ ಪುಡಿ ತಯಾರಿಸಿ ರೋಗಿಗೆ ಗೊತ್ತಾಗದಂತೆ ಹೋಲಿಸುವುದೇ ಕಷ್ಟ. ಹಾಗಾಗಿ ನಿಮ್ಮ ಮೇಲೆ ಅದರ ಫಲ ನೀವೇ ಬರೆದಿಡಬೇಕು: ಮಲಗಿದ ಹೊತ್ತು, ನಿದ್ದೆ ಬಂದ ಹೊತ್ತು, ಮುಟ್ಟಿನಲ್ಲಿ ನುಂಗಿದ ನೋವಿನ ಗುಳಿಗೆಗಳ ಎಣಿಕೆ, ಊದಿದ ಬೆರಳೆಷ್ಟು. ಒಂದು ಪುಟ ಸಾಕು, ವೈದ್ಯರಿಗೆ ಅದಕ್ಕಿಂತ ಒಳ್ಳೆಯ ವರದಿ ಬೇಕಿಲ್ಲ.

ಅಮ್ಮನ ಕಷಾಯ

ಬರೀ ಶುಂಠಿ, ಮೆಣಸು, ಜೀರಿಗೆಯ ಕಷಾಯವಾದರೆ ಧಾರಾಳವಾಗಿ ಕುಡಿಯಿರಿ. ಜ್ಯೇಷ್ಠಮಧು ಇರುವ ಪುಡಿಯನ್ನು ಮಾತ್ರ ಈ ಮದ್ದಿನ ಜೊತೆ ಬೇಡ ಎನ್ನುತ್ತೇನೆ. 38ರಲ್ಲಿ ಆಗಲೇ ದಿನಕ್ಕೆ 2 ಗ್ರಾಂ ಇದೆ. ಜಪಾನಿನ ‘ಕಾಂಜೋ’ ಮತ್ತು ನಮ್ಮ ಜ್ಯೇಷ್ಠಮಧು ಒಂದೇ ಕುಲದ ಬೇರುಗಳು, ಎರಡರಲ್ಲೂ ಗ್ಲೈಸಿರೈಜಿನ್ ಇದೆ. ಅದು ಹೊಟ್ಟೆಯಲ್ಲಿ ಬದಲಾಗಿ ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸಾಲ್, ಉಪ್ಪು ಹಿಡಿದಿಡುವ ಹಾರ್ಮೋನಾದ ಆಲ್ಡೋಸ್ಟೆರಾನ್‌ನಂತೆ ವರ್ತಿಸಿ ಉಪ್ಪು ಒಳಗೆ ನಿಲ್ಲುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಕಾಲು ಊದುವುದು, ಬಿ.ಪಿ. ಏರುವುದು, ಮೀನಖಂಡ ಸೆಟೆಯುವುದು, ಮೆಟ್ಟಿಲು ಹತ್ತಲು ತೊಡೆಯಲ್ಲಿ ಶಕ್ತಿ ಇಲ್ಲದಾಗುವುದು ಲಕ್ಷಣ. ಪೊಟ್ಯಾಸಿಯಂ ತೀರಾ ಇಳಿದರೆ ಹೃದಯದ ಲಯ ತಪ್ಪುತ್ತದೆ.

ಕಾಂಪೋದಲ್ಲಿ ನಿಜವಾಗಿ ಎಡವಟ್ಟಾಗುವುದು ಹೀಗೆ ಸೇರಿಸಿಕೊಂಡಾಗ. ಚಳಿಗೆ 38, ನೆಗಡಿ ಬಂತು ಎಂದು 1ನೇ ನಂಬರಿನ ಕಾಕ್ಕೋಂತೋ, ಕಾಲು ಸೆಟೆಯಿತು ಎಂದು 68ನೇ ಶಾಕುಯಾಕುಕಾಂಜೋತೋ ಮೂರೂ ಒಟ್ಟಿಗೆ ತೆಗೆದುಕೊಂಡರೆ ಜ್ಯೇಷ್ಠಮಧು 2, 2, 6 ಸೇರಿ ದಿನಕ್ಕೆ 10 ಗ್ರಾಂ ಆಯಿತು. ಕಾಲು ಸೆಟೆದದ್ದೇ ಪೊಟ್ಯಾಸಿಯಂ ಇಳಿದದ್ದರಿಂದ ಆಗಿದ್ದರೆ ಮೂರನೆಯದು ಬೆಂಕಿಗೆ ತುಪ್ಪ. ವಾರಕ್ಕೊಮ್ಮೆ ಮನೆಯಲ್ಲೇ ಬಿ.ಪಿ. ನೋಡಿಕೊಳ್ಳಿ, ಮುಂದಿನ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಸೇರಿಸಲು ಹೇಳಿ. ಊರಿಂದ ಬಂದದ್ದರಲ್ಲಿ ಅಶ್ವಗಂಧವೂ ಇದ್ದರೆ ಥೈರಾಯ್ಡ್ ಪರೀಕ್ಷೆಗೆ ಮುಂಚೆ ವೈದ್ಯರಿಗೆ ತಿಳಿಸಿ, ಅದು ಫಲಿತಾಂಶ ಬದಲಿಸಬಹುದು.

ಇದೇ 38ರ ಬಗ್ಗೆ ಇನ್ನೊಂದು ಎಚ್ಚರಿಕೆ. ಜಪಾನಿನ ಔಷಧ ಸಂಹಿತೆ ಒಪ್ಪುವ ಮೊಕುತ್ಸು ‘ಅಕೇಬಿ’ ಬಳ್ಳಿಯ ಕಾಂಡ. ಚೀನಾದಲ್ಲಿ ಅದೇ ಹೆಸರಿನಡಿ ಬಹಳ ಕಾಲ ಬಳಕೆಯಲ್ಲಿದ್ದ ಇನ್ನೊಂದು ಬಳ್ಳಿ ಅರಿಸ್ಟೋಲೋಕಿಯ ಕುಲದ್ದು. ಅದರ ಅರಿಸ್ಟೋಲೋಕಿಕ್ ಆಮ್ಲ ಮೂತ್ರಪಿಂಡವನ್ನು ಮತ್ತೆ ಸರಿಹೋಗದಂತೆ ಕೆಡಿಸುತ್ತದೆ, ಮೂತ್ರನಾಳದ ಕ್ಯಾನ್ಸರಿಗೂ ಕಾರಣವಾಗುತ್ತದೆ. 1990ರ ದಶಕದಲ್ಲಿ ಜಪಾನಿನಲ್ಲೇ ಆ ಬಳ್ಳಿ ಸೇರಿದ ಪುಡಿ ನುಂಗಿದವರ ಮೂತ್ರಪಿಂಡ ಹಾಳಾದ ಪ್ರಕರಣಗಳು ವರದಿಯಾದವು. ಸಾಯ್‌ಶಿನ್ ಗಿಡದಲ್ಲೂ ನೆಲದ ಮೇಲಿನ ಭಾಗದಲ್ಲಿ ಈ ಆಮ್ಲ ಇರುತ್ತದೆ, ಅದಕ್ಕೇ ಜಪಾನಿನಲ್ಲಿ ಬೇರು, ಬೇರುಗಡ್ಡೆ ಮಾತ್ರ ಬಳಸಬೇಕೆಂದು ನಿಯಮವಿದೆ. ನಿಮ್ಮ ಔಷಧಾಲಯ ಕೊಟ್ಟ ಪೊಟ್ಟಣದ ಬಗ್ಗೆ ಭಯ ಬೇಡ. ಆನ್‌ಲೈನಿನಲ್ಲಿ ಬೇರೆ ದೇಶದಿಂದ ಅಗ್ಗಕ್ಕೆ ತರಿಸಬೇಡಿ. ನಮ್ಮ ಕಡೆಯ ಈಶ್ವರಿ ಬಳ್ಳಿಯೂ ಅರಿಸ್ಟೋಲೋಕಿಯವೇ. ಊರಿನ ನಾಟಿ ಪುಡಿಯಲ್ಲಿ ಅದರ ಬೇರು ಇದ್ದರೆ ಬಾಯಿಗೆ ಹಾಕಬೇಡಿ.

ಮಗುವಿನ ಯೋಚನೆ ಇರುವಾಗ

ಪ್ರಯತ್ನ ಶುರುಮಾಡುವ ಮೊದಲೇ ವೈದ್ಯರಿಗೆ ಹೇಳಿ, ‘ಬಸಿರು ಖಚಿತವಾದ ಮೇಲೆ ನೋಡೋಣ’ ಎನ್ನಬೇಡಿ. 25ರಲ್ಲಿ ಇರುವ ತೋನಿನ್ (ಪೀಚ್ ಬೀಜ) ಮತ್ತು ಬೋತಾನ್ಪಿಯಿಂದ (ಪಿಯೋನಿ ಬೇರಿನ ತೊಗಟೆ) ಗರ್ಭಪಾತದ ಅಪಾಯವಿರುವುದರಿಂದ ಬಸುರಿಯರಿಗೆ ಕೊಡದಿರುವುದು ಒಳ್ಳೆಯದೆಂದು ಅದರ ಔಷಧ ಪತ್ರದಲ್ಲೇ ಬರೆದಿದೆ. 23 ಬಸುರಿಯರಲ್ಲೂ ಹಿಂದಿನಿಂದ ಬಳಕೆಯಲ್ಲಿದೆ, ಆದರೂ ವೈದ್ಯರ ತೀರ್ಮಾನದ ಮೇಲೆಯೇ. ನಿಮ್ಮ 38ನ್ನು ಬಸಿರು ನಿಲ್ಲಬಹುದಾದ ತಿಂಗಳುಗಳಲ್ಲಿ ಮುಂದುವರಿಸಬೇಕೇ ಎಂದು ಸ್ಪಷ್ಟವಾಗಿ ಕೇಳಿ. ಚಳಿಗಾಲದಲ್ಲಷ್ಟೇ ಬೇಕಾಗುವ ಮದ್ದು, ಹಾಗಾಗಿ ಬಿಡುವುದು ಕಷ್ಟವೇನಲ್ಲ.

ಸಸ್ಯಾಹಾರಿಯಾದ ನಿಮಗೆ ಯಾರೂ ತಾವಾಗಿ ಹೇಳದ ಸಂಗತಿ: ಒಣ ತುಟಿ, ಅಂಗೈ ಬಿಸಿ, ಸೊಂಟ ತಣ್ಣಗೆ ಇರುವವರಿಗೆ, ಬಸಿರಿಗೆ ಪ್ರಯತ್ನಿಸುವವರಿಗೆ ಆಗಾಗ ಬರೆಯುವ 106, ಉಂಕೇತೋದಲ್ಲಿ ‘ಅಕ್ಯೋ’ ಇದೆ. ಅದು ಕತ್ತೆಯ ಚರ್ಮ ಕುದಿಸಿ ತೆಗೆದ ಅಂಟು. ಬೇರೆ ಕೆಲವು ಸೂತ್ರಗಳಲ್ಲಿ ‘ಬೊರೇ’ ಎಂಬ ಸಿಂಪಿಚಿಪ್ಪು ಇರುತ್ತದೆ. 38ರ ಒಂಬತ್ತೂ ದ್ರವ್ಯ ಸಸ್ಯದವೇ. ನಂಬರು ಬದಲಾಯಿಸಿದಾಗಲೆಲ್ಲ ‘ಪ್ರಾಣಿಜನ್ಯ ಏನಾದರೂ ಇದೆಯೇ’ ಎಂದು ಔಷಧಾಲಯದಲ್ಲಿ ಕೇಳಿ.

ಮನೆ, ಸ್ನಾನ, ಹಾಸಿಗೆ

ಜಪಾನಿನ ಉತ್ತರ ತುದಿಯ ಕಡುಚಳಿಯ ದ್ವೀಪ ಹೊಕ್ಕೈದೊದಿಂದ ಬಂದವರು ‘ಟೋಕಿಯೊದ ಮನೆಯೊಳಗೇ ಚಳಿ ಜಾಸ್ತಿ’ ಎನ್ನುವುದುಂಟು. ಅದು ನಿಜ, ಇಲ್ಲಿಯ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಕಿಟಕಿ ಒಂಟಿ ಗಾಜಿನದು, ನೆಲ ತಣ್ಣಗೆ. ಮನೆಯೊಳಗೆ 18 ಡಿಗ್ರಿಯಾದರೂ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಮಲಗುವ ಕೋಣೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟು ನೋಡಿ. 12 ಡಿಗ್ರಿಯ ಕೋಣೆಯಲ್ಲಿ ಯಾವ ಪುಡಿಯೂ ಪವಾಡ ಮಾಡುವುದಿಲ್ಲ.

ಬೆಳಗ್ಗಿನ ಷವರ್ ಬದಲು ಮಲಗುವ ಒಂದೆರಡು ಗಂಟೆ ಮುಂಚೆ ತೊಟ್ಟಿಯಲ್ಲಿ 40 ಡಿಗ್ರಿ ನೀರಲ್ಲಿ 10–15 ನಿಮಿಷ ಕುಳಿತುಕೊಳ್ಳಿ. 42 ದಾಟಿದರೆ ಸಿಂಪಥೆಟಿಕ್ ನರ ಕೆರಳಿ ನಿದ್ದೆ ದೂರ ಹೋಗುತ್ತದೆ. ಎದ್ದ ಮೇಲೆ ಬೆರಳ ಸಂದು ಒರೆಸಿ ಒಣಗಿಸಿ. ನಿದ್ದೆ ಬರುವಾಗ ದೇಹ ಪಾದದ ಮೂಲಕ ಬಿಸಿ ಹೊರಹಾಕಬೇಕು, ಪಾದ ಬೆಚ್ಚಗಾದವರಿಗೆ ನಿದ್ದೆ ಬೇಗ ಹತ್ತುತ್ತದೆ. ಹಾಸಿಗೆಯಲ್ಲಿ ಬಿಗಿ ಸಾಕ್ಸ್ ಬೇಡ. ಬೆರಳು ತೆರೆದಿರುವ, ಕಣಕಾಲು ಮುಚ್ಚುವ ಸಡಿಲ ಲೆಗ್ ವಾರ್ಮರ್ ಮೇಲು. ಮಲಗುವ ಅರ್ಧ ಗಂಟೆ ಮೊದಲು ‘ಯುತಾನ್ಪೋ’ ಬಿಸಿನೀರಿನ ಡಬ್ಬಿಯನ್ನು ಹಾಸಿಗೆಯಲ್ಲಿಟ್ಟು, ಮಲಗುವಾಗ ತೆಗೆದುಬಿಡಿ. ತೆಗೆಯಿರಿ ಎನ್ನುವುದಕ್ಕೆ ಕಾರಣ ಕಡಿಮೆ ಬಿಸಿಯ ಸುಟ್ಟಗಾಯ. 44 ಡಿಗ್ರಿಯ ವಸ್ತು ಮುಟ್ಟಿದರೆ ಹಿತವೆನಿಸುತ್ತದೆ, ಅದೇ ಜಾಗಕ್ಕೆ ಕೆಲವು ಗಂಟೆ ತಾಗಿದ್ದರೆ ಚರ್ಮ ಆಳಕ್ಕೆ ಸುಡುತ್ತದೆ, ನೋವು ಗೊತ್ತಾಗುವುದು ಬೆಳಗ್ಗೆ. 50 ಡಿಗ್ರಿಗೆ ಕೆಲವೇ ನಿಮಿಷ ಸಾಕು. ಕಬ್ಬಿಣದ ಪುಡಿ ಗಾಳಿಯೊಡನೆ ಸೇರಿ ಬಿಸಿಯಾಗುವ ‘ಕೈರೋ’ ಚೀಟಿಗಳು ಇದಕ್ಕಿಂತ ಬಿಸಿ. ಬಟ್ಟೆಯ ಮೇಲೆ ಅಂಟಿಸಿ, ಚರ್ಮಕ್ಕೆ ಬೇಡ, ಹಚ್ಚಿಕೊಂಡು ಮಲಗಲೇಬೇಡಿ. ಶೂ ಒಳಗೆ ಹಾಕುವ ಕೈರೋ ಬೇರೆಯೇ ಇದೆ, ಮಾಮೂಲಿಯದನ್ನು ಅಲ್ಲಿ ತುರುಕಬಾರದು.

ತುದಿ ಬೆಚ್ಚಗಾಗಬೇಕಾದರೆ ನಡುಭಾಗ ಬೆಚ್ಚಗಿರಬೇಕು. ಜಪಾನಿನವರ ‘ಹರಾಮಾಕಿ’ ಹೊಟ್ಟೆಪಟ್ಟಿ ನಾನು ಮನಸಾರೆ ಶಿಫಾರಸು ಮಾಡುವ ಅಗ್ಗದ ಸಾಧನ. ಒಳಗೆ ಬಿಸಿ ಸಾಕಷ್ಟಿದೆ ಎಂದಾದಾಗ ದೇಹ ತಾನಾಗಿಯೇ ಬೆರಳಿನ ದಾರಿ ತೆರೆಯುತ್ತದೆ. ಬಿಸಿ ಹುಟ್ಟಿಸುವ ಸ್ನಾಯುವಿಗೆ ಕೆಲಸ ಕೊಡಿ: ಅಡುಗೆ ಕಟ್ಟೆ ಹಿಡಿದು 20 ಸಲ ಹಿಮ್ಮಡಿ ಎತ್ತಿ ಇಳಿಸುವುದು, 10 ಬಸ್ಕಿ, ದಿನಕ್ಕೆರಡು ಮೂರು ಬಾರಿ. ತೋಫು, ಬೇಳೆ, ಹುದುಗಿಸಿದ ಸೋಯಾ ಕಾಳು ನಾಟ್ಟೋ, ಮೊಸರು ಬೆಳಗಿನ ಊಟದಲ್ಲೇ ಇರಲಿ. ಬರೀ ಬ್ರೆಡ್ಡು ಕಾಫಿಯಲ್ಲಿ ಓಡುವ ಮುಂಜಾವು ಚಳಿಯನ್ನು ಹೆಚ್ಚಿಸುತ್ತದೆ.

ಒಣಸೊಪ್ಪಿನ ಪುಟ್ಟ ಉಂಡೆಯನ್ನು ಚರ್ಮದ ಮೇಲಿಟ್ಟು ಉರಿಸಿ ಕಾವು ಕೊಡುವ, ಅಂಟಿಸುವ ಮೊಕ್ಸಾ ‘ಒಕ್ಯೂ’ ಬಗ್ಗೆ ನಿಮ್ಮ ಆಫೀಸಿನವರು ಹೇಳಿಯೇ ಇರುತ್ತಾರೆ. ಒಳಕಣಕಾಲಿನ ಮೂಳೆಯ ತುದಿಯಿಂದ ನಾಲ್ಕು ಬೆರಳು ಮೇಲೆ, ಕೆಳಗಾಲಿನ ದೊಡ್ಡ ಮೂಳೆಯ ಹಿಂದಂಚಿನಲ್ಲಿರುವ ಸಾನ್‌ಇಂಕೋ ಬಿಂದುವಿಗೆ ದಿನಕ್ಕೆ ಒಂದರಂತೆ ಹಚ್ಚಿ ನೋಡಬಹುದು. ಚುರುಕ್ ಎಂದ ಕೂಡಲೇ ಕಿತ್ತುಬಿಡಬೇಕು, ಸ್ನಾನದ ಹಿಂದೆ ಮುಂದೆ ಒಂದು ಗಂಟೆ ಬೇಡ, ಶಿಮೊಯಾಕೆಯ ಮೇಲೆ ಅಂತೂ ಬೇಡವೇ ಬೇಡ. ಬಸಿರಿನ ಸಾಧ್ಯತೆ ಇರುವ ದಿನಗಳಲ್ಲಿ ಈ ಬಿಂದುವನ್ನು ಸಾಂಪ್ರದಾಯಿಕವಾಗಿ ಬಿಡುತ್ತಾರೆ, ನೀವೂ ಬಿಡಿ.

ಮುಂದಿನ ಭೇಟಿಯಲ್ಲಿ ಟಿಎಸ್‌ಎಚ್, ಫೆರಿಟಿನ್, ಬಿ12, ಪೊಟ್ಯಾಸಿಯಂ ಬರೆಸಿಕೊಳ್ಳಿ; ಊರಿನ ಪುಡಿಗಳ ಹೆಸರು ‘ಒಕುಸುರಿ ತೆಚೋ’ ಔಷಧ ಪುಸ್ತಕದಲ್ಲಿ ಸೇರಲಿ. ಒಣಕೆಮ್ಮು, ಜ್ವರ, ನಡೆದರೆ ಉಸಿರುಕಟ್ಟುವುದು, ಕಣ್ಣು ಹಳದಿಯಾಗುವುದು ಕಂಡರೆ ಪುಡಿ ನಿಲ್ಲಿಸಿ ಅದೇ ದಿನ ಹೋಗಿ. ಕಾಂಪೋದಿಂದಲೂ ಶ್ವಾಸಕೋಶ, ಯಕೃತ್ತು ಅಪರೂಪಕ್ಕೆ ಕೆರಳುತ್ತವೆ. ಆಸ್ಪತ್ರೆ ಸೇರುವಂಥ ತೊಂದರೆಯಾದರೆ 1980ರಿಂದ ಇರುವ ಸರ್ಕಾರಿ ಪರಿಹಾರ ವ್ಯವಸ್ಥೆ ಕಾಂಪೋಗೂ ಅನ್ವಯಿಸುತ್ತದೆ, ಸ್ವಂತಕ್ಕೆ ಹೊರದೇಶದಿಂದ ತರಿಸಿದ್ದಕ್ಕೆ ಅನ್ವಯಿಸುವುದಿಲ್ಲ. ಪುಡಿ ಹೊಂದಿಕೊಂಡರೆ ಮಾರ್ಚ್ ಕೊನೆಗೆ ವೈದ್ಯರನ್ನು ಕೇಳಿ ನಿಲ್ಲಿಸಿ, ಮುಂದಿನ ಸಲ ಬೆರಳು ಊದುವ ತನಕ ಕಾಯದೆ ಅಕ್ಟೋಬರ್‌ನಲ್ಲೇ ಅವರನ್ನು ಕಾಣಿ. ಉಳಿದ ಪೊಟ್ಟಣಗಳನ್ನು ಜೂನಿನ ಮಳೆಗಾಲ ‘ತ್ಸುಯು’ಗೆ ಬಿಟ್ಟರೆ ತೇವ ಹೀರಿ ಗಟ್ಟಿಯಾಗುತ್ತವೆ, ಅಂಥವನ್ನು ಒಡೆದು ಕುಡಿಯದೆ ಔಷಧಾಲಯಕ್ಕೆ ಹಿಂದಿರುಗಿಸಿ.